ಬಂದೂಕಿಗೆ ಯಾವ ಎಣ್ಣೆ, ಎಲ್ಲಿ, ಎಷ್ಟು?

“ಬಂದೂಕಿಗೆ ಯಾವ ಎಣ್ಣೆ ಒಳ್ಳೆಯದು?” ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಿಗೆ ಬೇಕಿರುವುದು ಒಂದು ಬಾಟಲಿಯ ಹೆಸರು. ನನ್ನಿಂದ ಹೋಗುವುದು ಮಾತ್ರ ಮರುಪ್ರಶ್ನೆ: ಯಾವ ಭಾಗಕ್ಕೆ? ಒಂದಕ್ಕೊಂದು ಉಜ್ಜುವ ಲೋಹಕ್ಕೋ, ಗಾಳಿಗೂ ಬೆವರಿಗೂ ಒಡ್ಡಿಕೊಂಡ ಹೊರಮೈಗೋ, ಗುಂಡು ಹಾಯುವ ನಳಿಗೆಯ ಒಳಗೋ? ಮೂರಕ್ಕೂ ಬೇಕಾದುದು ಬೇರೆ ಬೇರೆ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಸಾಲದೆ ತೊಂದರೆ ಕೊಟ್ಟ ಬಂದೂಕುಗಳಿಗಿಂತ, ಅಕ್ಕರೆ ಅತಿಯಾಗಿ ಎಣ್ಣೆಯಲ್ಲಿ ಮೀಯಿಸಿಕೊಂಡು ಕೆಟ್ಟವುಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಮುಂದೆ ಓದುವ ಮೊದಲು ನಿಮ್ಮ ಬಂದೂಕಿನ ಕೈಪಿಡಿಯನ್ನು ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ನಾನು ಹೇಳುವುದಕ್ಕೂ ಅದು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಕೈಪಿಡಿಯ ಮಾತೇ ನಡೆಯಲಿ.

ಮೂರು ಕೆಲಸ, ಮೂರು ಸ್ವಭಾವ

ಮೊದಲನೆಯದು ದ್ರಾವಕ. ಮದ್ದಿನ ಮಸಿ, ಸೀಸ, ತಾಮ್ರ ಇವುಗಳನ್ನು ಸಡಿಲಿಸಿ ಬಿಡಿಸುವುದು ಇದರ ಕೆಲಸ. ಎರಡನೆಯದು ಕೀಲೆಣ್ಣೆ. ಜಾರುವ ಎರಡು ಲೋಹಗಳ ನಡುವೆ ತೆಳುವಾಗಿ ನಿಂತು ಸವೆತ ತಪ್ಪಿಸುತ್ತದೆ. ಗ್ರೀಸ್ ಕೂಡ ಇದೇ ಜಾತಿಯದು. ಸ್ಪಂಜು ನೀರನ್ನು ಹಿಡಿದಿಟ್ಟುಕೊಂಡಂತೆ, ಸಾಬೂನಿನಂಥ ಒಂದು ಗಟ್ಟಿ ಪದಾರ್ಥ ಎಣ್ಣೆಯನ್ನು ತನ್ನೊಳಗೆ ಹಿಡಿದಿಟ್ಟರೆ ಗ್ರೀಸ್ ಆಗುತ್ತದೆ. ಮೂರನೆಯದು ರಕ್ಷಕ. ನೀರೂ ಆಮ್ಲಜನಕವೂ ಕಬ್ಬಿಣವನ್ನು ಮುಟ್ಟದಂತೆ ನಡುವೆ ನಿಲ್ಲುವ ಪದರ ಅದು.

ಈ ಮೂರೂ ಒಂದಕ್ಕೊಂದು ಪೂರ್ತಿ ಹೊಂದುವ ಗುಣಗಳಲ್ಲ. ದ್ರಾವಕ ಲೋಹಕ್ಕೆ ಅಂಟಿದ್ದನ್ನೆಲ್ಲ ಎಬ್ಬಿಸಬೇಕು. ರಕ್ಷಕ ಅಂಟಿದ ಮೇಲೆ ಏಳಬಾರದು. ಕೀಲೆಣ್ಣೆ ಹರಿಯಬೇಕು, ರಕ್ಷಕ ಹಚ್ಚಿದಲ್ಲೇ ನಿಲ್ಲಬೇಕು. ‘ಸಿಎಲ್‌ಪಿ’ ಎಂದು ಬರೆದ ಬಾಟಲಿಗಳು ಮೂರನ್ನೂ ಮಾಡುವವು. ಅಮೆರಿಕದ ಸೇನೆ ತನ್ನ ಸೈನಿಕರಿಗೆ ಒಂದೇ ಬಾಟಲಿ ಸಾಕಾಗಲಿ ಎಂದು ಇಂಥದ್ದನ್ನು ಬಳಕೆಗೆ ತಂದಿತು. ಆ ಸೇನೆಯ ಮಾನದಂಡದ ಸಂಖ್ಯೆ 63460 ಕೆಲವು ಬಾಟಲಿಗಳ ಮೇಲೆ ಈಗಲೂ ಕಾಣುತ್ತದೆ. ಇದು ಎಲ್ಲ ಕೆಲಸ ಬಲ್ಲ ಒಬ್ಬ ಆಳಿದ್ದಂತೆ: ಯಾವುದರಲ್ಲೂ ಪ್ರವೀಣನಲ್ಲ, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಆಗೀಗ ಗುರಿಯಭ್ಯಾಸಕ್ಕೆ ಹೋಗಿ, ಬಂದ ದಿನವೇ ಒರೆಸಿಡುವವರಿಗೆ ಇಷ್ಟು ಸಾಕು. ತಿಂಗಳುಗಟ್ಟಲೆ ಮುಟ್ಟದೆ ಇಡುವವರಿಗೆ ಸಾಲದು.

ಡಬ್ಲ್ಯುಡಿ-40 ಬಗ್ಗೆ ಕೇಳದವರೇ ಇಲ್ಲ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ ಈ ದ್ರವದ ಹೆಸರಿನಲ್ಲೇ ಅದರ ಕೆಲಸ ಅಡಗಿದೆ: ನೀರನ್ನು ತಳ್ಳಿಹಾಕುವ, 40ನೆಯ ಪ್ರಯತ್ನದಲ್ಲಿ ಕೈಗೂಡಿದ ಮಿಶ್ರಣ. ಅಟ್ಲಾಸ್ ಕ್ಷಿಪಣಿಯ ಹೊರಮೈಯನ್ನು ತುಕ್ಕಿನಿಂದ ಕಾಪಾಡಲು ಮೊದಮೊದಲು ಬಳಕೆಯಾಯಿತು. ಮಳೆಯಲ್ಲಿ ತೊಯ್ದ ಬಂದೂಕಿನ ಸಂದುಗೊಂದುಗಳಿಂದ ನೀರು ಹೊರಡಿಸಲು ಒಳ್ಳೆಯದು. ಆದರೆ ಅದರ ಹೆಚ್ಚಿನ ಭಾಗ ಆವಿಯಾಗಿ ಹೋಗುತ್ತದೆ, ಉಳಿಯುವ ಪದರ ತೀರ ತೆಳು. ನೀರು ಹೋದ ಮೇಲೆ ಅದನ್ನೂ ಒರೆಸಿ ನಿಜವಾದ ಎಣ್ಣೆ ಹಚ್ಚಿ.

ಮನೆಯಲ್ಲಿ ಏನಿರಬೇಕು

ಒಂದು ಮಸಿ ದ್ರಾವಕ, ಒಂದು ತೆಳು ಎಣ್ಣೆ, ಒಂದು ಸಣ್ಣ ಡಬ್ಬಿ ಗ್ರೀಸ್, ಹೊರಮೈಗೆ ಮೇಣ ಅಥವಾ ರಕ್ಷಕ ಎಣ್ಣೆ. ರೈಫಲ್ ಇದ್ದರೆ ತಾಮ್ರ ಬಿಡಿಸುವ ದ್ರಾವಕ ಕೂಡ. ಜೊತೆಗೆ ನಳಿಗೆಗೆ ಸರಿಹೊಂದುವ ಸಲಾಕೆ, ಕುಂಚಗಳು, ಎಳೆ ಬಿಡದ ಹತ್ತಿಬಟ್ಟೆಯ ತುಂಡುಗಳು. ಇದಕ್ಕಿಂತ ಹೆಚ್ಚು ಬಾಟಲಿಗಳು ಕಪಾಟಿನ ಶೋಭೆಗೆ.

ಗ್ರೀಸ್ ಡಬ್ಬಿಯ ಮೇಲೆ ಎನ್‌ಎಲ್‌ಜಿಐ ಎಂದು ಒಂದು ಸಂಖ್ಯೆ ಇರುತ್ತದೆ. ಗ್ರೀಸ್ ಎಷ್ಟು ಗಟ್ಟಿ ಎಂಬುದರ ಅಳತೆ ಅದು. 000 ಎಂದರೆ ಹೆಚ್ಚುಕಡಿಮೆ ಎಣ್ಣೆಯಂತೆಯೇ ಹರಿಯುವುದು, 6 ಎಂದರೆ ಸಾಬೂನಿನ ಗಟ್ಟಿಯಂಥದ್ದು. ವಾಹನಗಳ ಬೇರಿಂಗ್‌ಗೆ ಹಾಕುವ ಸಾಮಾನ್ಯ ಗ್ರೀಸ್ 2. ಬಂದೂಕಿಗೆ 2 ಅಥವಾ ಅದಕ್ಕಿಂತ ಮೆತ್ತಗಿನದು ಸರಿ. ಹಳೆಯ ಗ್ರೀಸಿನ ಮೇಲೆ ಬೇರೆ ಬಗೆಯದನ್ನು ಬಳಿಯಬೇಡಿ. ಗಟ್ಟಿಕಾರಕಗಳು ಒಂದಕ್ಕೊಂದು ಹೊಂದದಿದ್ದರೆ ಎರಡೂ ನೀರಾಗಿ ಇಳಿದುಹೋಗಬಹುದು.

ಇನ್ನು ಬೇಡವಾದವು. ಅಡುಗೆ ಎಣ್ಣೆ ಹಚ್ಚಿದ ದಿನ ಚೆನ್ನಾಗಿಯೇ ಜಾರುತ್ತದೆ. ಕೆಲವು ತಿಂಗಳಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ, ಬಾಣಲೆಯ ಅಂಚಿನಲ್ಲಿ ಕಟ್ಟುವ ಹಳದಿ ಜಿಡ್ಡಿನಂತೆ. ವಾಹನದಿಂದ ಇಳಿಸಿದ ಹಳೆ ಎಂಜಿನ್ ಎಣ್ಣೆಯಲ್ಲಿ ಆಮ್ಲವೂ ಲೋಹದ ಪುಡಿಯೂ ಇರುತ್ತವೆ. ಹೊಸ ಎಂಜಿನ್ ಎಣ್ಣೆಯ ಮಾತು ಬೇರೆ. ಜಾರುವ ಭಾಗಕ್ಕೆ ಅದು ಕೆಲಸ ಮಾಡುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ತುರ್ತಿಗೆ ನಡೆಯುತ್ತದೆ, ತುಕ್ಕು ತಡೆಯುವುದರಲ್ಲಿ ಮಾತ್ರ ಅದು ಸೋಮಾರಿ. ಸಿಲಿಕೋನ್ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಒಳ್ಳೆಯದು, ಉಕ್ಕು ಉಕ್ಕನ್ನು ಉಜ್ಜುವಲ್ಲಿ ನಿಲ್ಲುವುದಿಲ್ಲ. ಗ್ರ್ಯಾಫೈಟ್ ಇರುವ ಗ್ರೀಸನ್ನು ಅಲ್ಯೂಮಿನಿಯಂ ಭಾಗಗಳಿಂದ ದೂರವಿಡಿ. ತೇವ ಸಿಕ್ಕರೆ ಇವೆರಡರ ನಡುವೆ ಸಣ್ಣ ಬ್ಯಾಟರಿಯೇ ಏರ್ಪಟ್ಟು ಅಲ್ಯೂಮಿನಿಯಂ ಕೊರೆಯುತ್ತದೆ.

ಹಂತ 1: ಖಾಲಿ ಮಾಡಿ, ಮತ್ತೊಮ್ಮೆ ನೋಡಿ

ಮೊದಲು ಮ್ಯಾಗಜಿನ್, ಅಂದರೆ ತೋಟಾ ತುಂಬಿಡುವ ಡಬ್ಬಿ, ತೆಗೆಯಿರಿ, ಆಮೇಲೆ ಚೇಂಬರ್ ತೆರೆಯಿರಿ. ಚೇಂಬರ್ ಎಂದರೆ ತೋಟಾ ಕೂರುವ ಗೂಡು. ಈ ಕ್ರಮ ತಿರುವುಮುರುವಾದರೆ ಹೊರಬಂದ ತೋಟಾದ ಜಾಗಕ್ಕೆ ಮ್ಯಾಗಜಿನ್ನಿನಿಂದ ಇನ್ನೊಂದು ಏರಿ ಕೂರುತ್ತದೆ. ಕಣ್ಣಿನಿಂದ ನೋಡಿ, ಬೆರಳು ಹಾಕಿಯೂ ನೋಡಿ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಡಿ. ಇದರಲ್ಲಿ ಇನ್ನೊಂದು ಲಾಭವೂ ಇದೆ: ಸೋರಿದ ಎಣ್ಣೆ ಪ್ರೈಮರ್ ಒಳಗೆ, ಅಂದರೆ ತೋಟಾದ ಬೆನ್ನಿನಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲಿನೊಳಗೆ, ಇಳಿದು ಅದನ್ನು ನಿಷ್ಕ್ರಿಯಗೊಳಿಸಬಹುದು.

ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ಕೈಗವಸು ಹಾಕಿಕೊಳ್ಳಿ. ಮಸಿಯಲ್ಲಿ ಸೀಸವಿದೆ. ಆ ಮೇಜಿನ ಮೇಲೆ ತಿನ್ನುವ, ಕುಡಿಯುವ ವಸ್ತು ಇಡಬಾರದು. ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.

ಹಂತ 2: ಬಂದೂಕಿನ ಮೈ ಯಾವುದು?

ಹೆಚ್ಚಿನವರು ದಾಟಿಬಿಡುವ ಹಂತ ಇದು. ಯಾವ ಪದಾರ್ಥ ತರಬೇಕು ಎಂಬ ತೀರ್ಮಾನ ಆಗಬೇಕಾದುದು ಮಾತ್ರ ಇಲ್ಲಿಯೇ.

ನೀಲಿಗಪ್ಪು ಹೊಳಪಿನ ಉಕ್ಕನ್ನು ‘ಬ್ಲೂಯಿಂಗ್’ ಎನ್ನುತ್ತಾರೆ. ಅದು ಬಣ್ಣವಲ್ಲ. ಕಬ್ಬಿಣವನ್ನೇ ಬೇಕೆಂದು ಒಂದು ಬಗೆಯ ಕಪ್ಪು ಆಕ್ಸೈಡ್ ಆಗಿಸಿದ ತೆಳು ಪದರ, ಅಂದರೆ ಪಳಗಿಸಿದ ತುಕ್ಕು. ಅದಕ್ಕೆ ಸೂಕ್ಷ್ಮ ರಂಧ್ರಗಳಿವೆ. ಎಣ್ಣೆ ಇದ್ದರೆ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ತೇವವನ್ನು. ಹೊಳಪಿಲ್ಲದ ಬೂದುಬಣ್ಣದ ಪಾರ್ಕರೈಸಿಂಗ್, ಅಂದರೆ ಫಾಸ್ಫೇಟ್ ಲೇಪ, ಇನ್ನಷ್ಟು ಎಣ್ಣೆ ಕುಡಿಯುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಎಣ್ಣೆ ಇರುತ್ತದೆ. ಹೊಸತಾಗಿದ್ದಾಗ ಒಂದೆರಡು ಬಾರಿ ಎಣ್ಣೆ ಹಚ್ಚಿ, ಕುಡಿಯಲು ಬಿಟ್ಟು, ಒರೆಸುವುದು ಒಳ್ಳೆಯದು.

ಸ್ಟೇನ್‌ಲೆಸ್ ಉಕ್ಕು ಎಂದ ಕೂಡಲೇ ಮೈಮರೆಯಬೇಡಿ. ಅದು ನಿಧಾನವಾಗಿ ತುಕ್ಕು ಹಿಡಿಯುತ್ತದೆ ಅಷ್ಟೆ. ಬೆವರಿನ ಉಪ್ಪು ಕುಳಿತಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣಗಿ ಉಜ್ಜಿದರೆ ಒಂದರ ಮೈ ಇನ್ನೊಂದಕ್ಕೆ ಹತ್ತಿಕೊಂಡು ಕಿತ್ತುಬರುತ್ತದೆ. ಇಂಥ ಬಂದೂಕಿನ ಜಾರುಪಟ್ಟಿಗಳಿಗೆ ತೆಳು ಎಣ್ಣೆಗಿಂತ ಗ್ರೀಸ್ ಹೆಚ್ಚು ಭದ್ರ.

ನಿಕ್ಕಲ್ ಲೇಪದ ಹಳೆಯ ರಿವಾಲ್ವರ್ ಇದ್ದರೆ ಅಮೋನಿಯಾ ಇರುವ ದ್ರಾವಕ ಹತ್ತಿರ ಸುಳಿಯಬಾರದು. ಕೆಲವು ನಿಕ್ಕಲ್ ಲೇಪಗಳ ಕೆಳಗೆ ತಾಮ್ರದ ಪದರವಿರುತ್ತದೆ. ಒಂದು ಬಿರುಕು ಸಿಕ್ಕರೆ ಅಮೋನಿಯಾ ಒಳಹೊಕ್ಕು ತಾಮ್ರ ತಿನ್ನುತ್ತದೆ, ಮೇಲಿನ ನಿಕ್ಕಲ್ ಹಪ್ಪಳದಂತೆ ಏಳುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಪಿಸ್ತೂಲಿಗೆ ಬ್ರೇಕ್ ಕ್ಲೀನರ್‌ನಂಥ ಕಟುವಾದ ದ್ರಾವಕ ಬೇಡ. ಸೊಳ್ಳೆ ಓಡಿಸಲು ಮೈಗೆ ಹಚ್ಚುವ ಡೀಟ್ ಕೂಡ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ಅದು ಹತ್ತಿದ ಕೈಯಲ್ಲಿ ಹಿಡಿಯಬೇಡಿ.

ಮರದ ಹಿಡಿಗೂ ಖನಿಜ ಎಣ್ಣೆಗೂ ಆಗಿಬರುವುದಿಲ್ಲ. ಲೋಹ ಮರವನ್ನು ಸೇರುವಲ್ಲಿ ವರ್ಷಗಟ್ಟಲೆ ಇಳಿದ ಎಣ್ಣೆ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ, ಕೊನೆಗೆ ಸ್ಕ್ರೂ ಹಿಡಿಯುವುದಿಲ್ಲ. ಮರಕ್ಕೆ ಅಗಸೆ ಎಣ್ಣೆ ಅಥವಾ ಮೇಣವೇ ಸರಿ.

ಹಂತ 3: ಕೊಳೆ ಬಿಡಿಸುವುದು

ಸಾಧ್ಯವಿದ್ದಲ್ಲೆಲ್ಲ ನಳಿಗೆಯನ್ನು ಹಿಂದಿನಿಂದ, ಅಂದರೆ ಚೇಂಬರ್ ಕಡೆಯಿಂದ ಶುಚಿಗೊಳಿಸಿ. ಬಾಯಿಯ ಕಡೆಯಿಂದ ಸಲಾಕೆ ತೂರಿಸಿದರೆ ಅಂಚು ಸವೆದು ಗುರಿ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿದ ಬಟ್ಟೆ, ಕೆಲವು ನಿಮಿಷ ಬಿಡುವು, ಕುಂಚ, ಒಣಬಟ್ಟೆ; ಬಟ್ಟೆ ಬಿಳಿಯಾಗಿ ಹೊರಬರುವ ತನಕ ಇದೇ ಸರದಿ.

ತಾಮ್ರದ ದ್ರಾವಕ ಹಾಕಿದಾಗ ಬಟ್ಟೆಗೆ ನೀಲಿ ಬಣ್ಣ ಬಂದರೆ ತಾಮ್ರ ಕರಗುತ್ತಿದೆ ಎಂದರ್ಥ. ಇಲ್ಲಿ ಒಂದು ಮೋಸವಿದೆ. ಕಂಚಿನ ಕುಂಚದಲ್ಲೂ ತಾಮ್ರವೇ ಇರುವುದು! ಕುಂಚವೇ ಕರಗಿ ನೀಲಿ ಕೊಡುತ್ತಿದ್ದರೆ ಸಂಜೆಯವರೆಗೆ ಉಜ್ಜಿದರೂ ಮುಗಿಯದು. ಈ ದ್ರಾವಕಕ್ಕೆ ನೈಲಾನ್ ಕುಂಚ ಬಳಸಿ. ಬಾಟಲಿಯ ಮೇಲೆ ಬರೆದ ಸಮಯಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ.

ಹಳೆಯ ಸೇನಾ ದಾಸ್ತಾನಿನ ತೋಟಾ ಬಳಸುವವರು ಇದನ್ನು ಎರಡು ಸಲ ಓದಿ. ಅವುಗಳಲ್ಲಿ ಹಲವದರ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಗಾಳಿಯ ತೇವವನ್ನು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ನಳಿಗೆಯೊಳಗೆ ತುಕ್ಕು ಎಬ್ಬಿಸಬಲ್ಲದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟೇ ದುಬಾರಿ ಎಣ್ಣೆ ಸುರಿದರೂ ಉಪ್ಪು ಅದರ ಕೆಳಗೆ ಸುಖವಾಗಿ ಕೂತಿರುತ್ತದೆ. ಅದಕ್ಕೆ ಮದ್ದು ಬರಿಯ ನೀರು. ಬಿಸಿನೀರಾದರೆ ಬೇಗ ಒಣಗುತ್ತದೆ ಎಂಬುದೊಂದು ಅನುಕೂಲ. ನಳಿಗೆ, ಬೋಲ್ಟ್‌ನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಅಗುಳಿಯ) ಮುಖ, ಮದ್ದಿನ ಅನಿಲ ಹಾಯುವ ಎಲ್ಲ ಭಾಗಗಳನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಮಾಮೂಲಿ ದ್ರಾವಕ ಮತ್ತು ಎಣ್ಣೆ. ಜರ್ಮನಿಯಲ್ಲಿ 1904ರಲ್ಲಿ ಸಿದ್ಧವಾದ ಬ್ಯಾಲಿಸ್ಟಾಲ್ ಎಂಬ ಎಣ್ಣೆ ನೀರಿನಲ್ಲಿ ಹಾಲಿನಂತೆ ಬೆರೆಯುವುದರಿಂದ ಈ ಕೆಲಸಕ್ಕೆ ಅದರ ಮಿಶ್ರಣವನ್ನು ಬಳಸುವವರಿದ್ದಾರೆ.

ಕರಿಮದ್ದಿನ ಬಂದೂಕಿಗೂ ನೀರೇ ಬೇಕು. ಅದರ ಕೊಳೆ ಖನಿಜ ಎಣ್ಣೆಯೊಂದಿಗೆ ಸೇರಿದರೆ ಡಾಂಬರಿನಂತಾಗುತ್ತದೆ. ಹಾಗಾಗಿ ಕರಿಮದ್ದಿನವರು ಜೇನುಮೇಣ, ಪ್ರಾಣಿಕೊಬ್ಬಿನಿಂದ ಮಾಡಿದ ಗ್ರೀಸ್ ಹಿಡಿದುಕೊಂಡಿರುವುದು ಬರಿಯ ಸಂಪ್ರದಾಯದ ಹಟದಿಂದಲ್ಲ.

ಹಂತ 4: ಒಣಗಿಸುವುದು

ದ್ರಾವಕ ಉಳಿದಿದ್ದರೆ ಮುಂದೆ ಹಾಕುವ ಎಣ್ಣೆಯನ್ನೂ ಅದು ಕರಗಿಸುತ್ತದೆ. ಸಂದುಗಳಿಗೆ ಬಟ್ಟೆ ತೂರಿಸಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ. ಅಷ್ಟೆ.

ಹಂತ 5: ಜಾರುವಲ್ಲಿ ಮಾತ್ರ ಎಣ್ಣೆ

ಎಲ್ಲಿ ಹಾಕಬೇಕೆಂದು ಬಂದೂಕೇ ತೋರಿಸಿಕೊಡುತ್ತದೆ. ಲೇಪ ಸವೆದು ಲೋಹ ಮಿನುಗುವ ಜಾಗಗಳನ್ನು ನೋಡಿ; ಉಜ್ಜಾಟ ಅಲ್ಲಿದೆ. ನನ್ನ ಸರಳ ನಿಯಮ: ಜಾರಿದರೆ ಗ್ರೀಸ್, ತಿರುಗಿದರೆ ಎಣ್ಣೆ. ಪಿಸ್ತೂಲಿನ ಸ್ಲೈಡ್ (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಓಡುವ ಪಟ್ಟಿಗಳು, ಬೋಲ್ಟ್ ರೈಫಲ್ಲಿನಲ್ಲಿ ಬೋಲ್ಟ್‌ನ ಹಲ್ಲುಗಳ ಹಿಂಬದಿ ಇವಕ್ಕೆ ಗ್ರೀಸ್. ನಡು ಮುರಿದು ತೆರೆಯುವ ಶಾಟ್‌ಗನ್ನಿನ ಕೀಲು ತಿರುಗುವುದಾದರೂ ಅಲ್ಲಿ ಭಾರ ಹೆಚ್ಚು, ಅದಕ್ಕೂ ಗ್ರೀಸೇ ಬೇಕು. ರಿವಾಲ್ವರಿನ ಸಿಲಿಂಡರ್ ತಿರುಗುವ ಕಂಬಿ, ಸಣ್ಣ ಕೀಲುಗಳು, ಟ್ರಿಗರ್‌ನ ತಿರುಗುಮೊಳೆ ಇವಕ್ಕೆ ತೆಳು ಎಣ್ಣೆ. ನಿಯಮಕ್ಕೆ ಅಪವಾದಗಳಿವೆ. ಗ್ರೀಸ್ ತಾಳದಷ್ಟು ಹಗುರವಾಗಿ ಓಡುವ ಸಣ್ಣ ಪಿಸ್ತೂಲುಗಳಿಗೆ ಪಟ್ಟಿಗಳಲ್ಲೂ ಎಣ್ಣೆಯೇ ಇರಲಿ.

ಎಷ್ಟು? ಸೂಜಿಯ ತುದಿಯಲ್ಲಿ ನಿಲ್ಲುವ ಒಂದು ಹನಿ. ಹಚ್ಚಿ, ಭಾಗವನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ, ಹೊರಗೆ ಬಂದುದನ್ನು ಒರೆಸಿ. ಬೆರಳು ಹಾಯಿಸಿದರೆ ಜಿಡ್ಡು ತಾಗಬೇಕು, ಹನಿ ಕಾಣಬಾರದು. ಸ್ಪ್ರೇ ಡಬ್ಬಿಯಲ್ಲಿ ಈ ಅಳತೆ ಆಗುವುದಿಲ್ಲ. ಬಟ್ಟೆಗೆ ಹೊಡೆದು ಬಟ್ಟೆಯಿಂದ ಹಚ್ಚಿ.

ಎಣ್ಣೆ ಹೋಗಲೇಬಾರದ ಜಾಗಗಳೂ ಇವೆ. ತೋಟಾದ ಬೆನ್ನಿಗೆ ಕುಟ್ಟುವ ಸೂಜಿಗೆ ಫೈರಿಂಗ್ ಪಿನ್ ಎನ್ನುತ್ತಾರೆ; ಅದು ಓಡುವ ಕೊಳವೆಯಲ್ಲಿ ಎಣ್ಣೆ ನಿಂತರೆ ಮಸಿಯೊಂದಿಗೆ ಕಲೆತು ಅಂಟಾಗಿ, ಪೆಟ್ಟು ಮೆತ್ತಗಾಗಿ, ತೋಟಾ ಹೊತ್ತದೆ ಹೋಗುತ್ತದೆ. ಮ್ಯಾಗಜಿನ್ನಿನ ಒಳಗೆ ಒಣಗಿರಬೇಕು, ಎಣ್ಣೆ ಅಲ್ಲಿ ದೂಳನ್ನು ಕರೆದು ಕೂರಿಸುತ್ತದೆ. ರಿವಾಲ್ವರಿನಲ್ಲಿ ಖಾಲಿ ತೋಟಾ ಹೊರದೂಡುವ ನಕ್ಷತ್ರಾಕಾರದ ತಟ್ಟೆಯ ಕೆಳಗೂ ಬೇಡ. ಅನಿಲದ ಒತ್ತಡದಿಂದ ನಡೆಯುವ ರೈಫಲ್ಲಿನ ಪಿಸ್ಟನ್ನಿಗೆ ಹಾಕಿದ ಎಣ್ಣೆ ಸುಟ್ಟು ಗಟ್ಟಿ ಕರಿ ಆಗುತ್ತದೆ. ಹೆಚ್ಚಿನ ಕೈಪಿಡಿಗಳು ಅದನ್ನು ಒಣಗಿಯೇ ಬಿಡಿ ಎನ್ನುತ್ತವೆ. ಎಲ್ಲಕ್ಕಿಂತ ಮುಖ್ಯ ಚೇಂಬರ್. ಗುಂಡು ಹಾರುವ ಕ್ಷಣದಲ್ಲಿ ತೋಟಾದ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ, ಹಿಂದಕ್ಕೆ ಒದೆಯುವ ಬಲದ ಒಂದು ಪಾಲನ್ನು ಗೋಡೆಯೇ ಹೊರುತ್ತದೆ. ಗೋಡೆ ಜಿಡ್ಡಾಗಿದ್ದರೆ ಆ ಹಿಡಿತ ತಪ್ಪಿ ಭಾರವೆಲ್ಲ ಬೋಲ್ಟ್‌ನ ಮೇಲೆ ಬೀಳುತ್ತದೆ.

ಗಾಳಿಬಂದೂಕು ಇರುವವರಿಗೆ ಬೇರೆಯೇ ಎಚ್ಚರಿಕೆ. ಗಾಳಿ ಒತ್ತುವ ಕೋಣೆಗೆ ಪೆಟ್ರೋಲಿಯಂ ಎಣ್ಣೆ ಬಿದ್ದರೆ ಒತ್ತಡದ ಬಿಸಿಗೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿಕೊಳ್ಳಬಹುದು. ತಯಾರಕರು ಹೇಳಿದ್ದನ್ನು ಬಿಟ್ಟು ಅಲ್ಲಿಗೆ ಏನನ್ನೂ ಹಾಕಬೇಡಿ.

ಹಂತ 6: ಹೊರಮೈಗೆ ಕಾವಲು

ರಕ್ಷಕ ಎಣ್ಣೆಯನ್ನು ಬಟ್ಟೆಗೆ ಹಾಕಿ ಇಡೀ ಲೋಹದ ಮೇಲೆ ಒಂದು ಕೈ ಎಳೆಯಿರಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಚ್ಚಿನ ಉಪ್ಪು ಸಾಕು, ತುಕ್ಕು ಅದೇ ಸುಳಿಗಳ ಆಕಾರದಲ್ಲಿ ಮೂಡುತ್ತದೆ. ಮರ ಮತ್ತು ಲೋಹ ಕೂಡುವಲ್ಲಿಗೆ, ಕೈಯಲ್ಲಿ ಹೆಚ್ಚು ಹಿಡಿಯುವ ಭಾಗಗಳಿಗೆ ನನಗೆ ಮೇಣ ಇಷ್ಟ. ಅದು ಹರಿಯುವುದಿಲ್ಲ, ದೂಳು ಹಿಡಿಯುವುದಿಲ್ಲ, ಬಟ್ಟೆಗೆ ಅಂಟುವುದಿಲ್ಲ. ವಸ್ತುಸಂಗ್ರಹಾಲಯಗಳು ಹಳೆಯ ಲೋಹಕ್ಕೆ ಹಚ್ಚುವ ರಿನೈಸಾನ್ಸ್ ಮೇಣವನ್ನು ಕೆಲವರು ಬಂದೂಕಿಗೂ ಬಳಸುತ್ತಾರೆ.

ಯಾವ ರಕ್ಷಕ ನಿಮ್ಮ ಗಾಳಿಗೆ ತಾಳುತ್ತದೆಂದು ತಿಳಿಯಬೇಕೇ? ಕೆಲವು ಕಬ್ಬಿಣದ ಮೊಳೆಗಳನ್ನು ಜಿಡ್ಡು ಹೋಗುವಂತೆ ತೊಳೆದು, ಒಂದೊಂದಕ್ಕೆ ಒಂದೊಂದು ಎಣ್ಣೆ ಹಚ್ಚಿ, ಒಂದನ್ನು ಬರಿದೇ ಬಿಟ್ಟು ತೇವದ ಜಾಗದಲ್ಲಿ ತೂಗುಹಾಕಿ. ಎಲ್ಲಕ್ಕೂ ಒಂದೇ ರೀತಿ ಒರೆಸಿರಬೇಕು, ಇಲ್ಲದಿದ್ದರೆ ದಪ್ಪ ಹಚ್ಚಿದ್ದೇ ಗೆಲ್ಲುತ್ತದೆ. ಈ ಪರೀಕ್ಷೆ ತುಕ್ಕಿನ ಬಗ್ಗೆ ಮಾತ್ರ ಹೇಳುತ್ತದೆ. ಇದರಲ್ಲಿ ಗೆದ್ದ ಎಣ್ಣೆಯೇ ಒಳ್ಳೆಯ ಕೀಲೆಣ್ಣೆ ಎಂದು ಹೊರಡುವುದು ತಪ್ಪು.

ಹಂತ 7: ಹವೆಗೆ ತಕ್ಕಂತೆ

ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ. ನೀರು ಹೆಪ್ಪುಗಟ್ಟುವ ಕಡೆ ಗ್ರೀಸ್ ಪೂರ್ತಿ ಒರೆಸಿ, ಚಳಿಗೆಂದೇ ಮಾಡಿದ ತೆಳು ಎಣ್ಣೆಯನ್ನು ಒಂದು ಎಳೆಯಷ್ಟು ಹಚ್ಚಿ. ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದ ಬಂದೂಕಿನ ಮೇಲೆ, ಒಳಗೂ ಕೂಡ, ನೀರು ಬೆವರುತ್ತದೆ. ಚೀಲದಲ್ಲೇ ಇಟ್ಟು ನಿಧಾನವಾಗಿ ಬಿಸಿಯಾಗಲು ಬಿಟ್ಟು ಆಮೇಲೆ ಒರೆಸಿ. ದೂಳು, ಮರಳಿನ ನೆಲದಲ್ಲಿ ಒದ್ದೆ ಎಣ್ಣೆ ಮರಳನ್ನು ಹಿಡಿದು ಅರದಂತೆ ಲೋಹವನ್ನು ತೇಯುತ್ತದೆ. ಅಲ್ಲಿ ಹಚ್ಚಿದ ಮೇಲೆ ದ್ರವ ಆರಿ ಒಣ ಪದರವಷ್ಟೇ ಉಳಿಯುವ ಬಗೆಯವು ಮೇಲು. ಮಳೆಯಲ್ಲಿ ಇದಕ್ಕೆ ಉಲ್ಟಾ. ಎರಡನೆಯ ಮಹಾಯುದ್ಧದ ಅಮೆರಿಕನ್ ರೈಫಲ್ ಎಂ1 ಗ್ಯಾರಂಡ್‌ನಲ್ಲಿ ಜೋರುಮಳೆಗೆ ಎಣ್ಣೆ ತೊಳೆದುಹೋಗಿ ಬೋಲ್ಟ್ ಬಿಗಿಯುತ್ತಿದ್ದುದರಿಂದ ಸೈನಿಕರಿಗೆ ಗ್ರೀಸ್ ಕೊಡಬೇಕಾಯಿತು.

ಹಂತ 8: ಇಡುವುದು, ಮತ್ತೆ ತೆಗೆಯುವುದು

ಚರ್ಮದ ಒರೆಯಲ್ಲಾಗಲಿ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಾಗಲಿ ದೀರ್ಘಕಾಲ ಇಡಬೇಡಿ. ಎರಡೂ ತೇವ ಹಿಡಿಯುತ್ತವೆ. ಚರ್ಮ ಹದಮಾಡಿದ ಲವಣಗಳೂ ಒರೆಯಲ್ಲಿ ಉಳಿದಿರುತ್ತವೆ. ಬೀಗ ಹಾಕಿದ ಕಪಾಟಿನೊಳಗೆ ಗಾಳಿಯ ಸಾಪೇಕ್ಷ ಆರ್ದ್ರತೆ 50 ಶೇಕಡಾದ ಆಸುಪಾಸು ಇರಲಿ. 60 ದಾಟಿದರೆ ತುಕ್ಕಿಗೆ ಹುರುಪು ಬರುತ್ತದೆ. ಒಂದು ಪುಟ್ಟ ಆರ್ದ್ರತಾ ಮಾಪಕ, ಸಿಲಿಕಾ ಜೆಲ್ ಪೊಟ್ಟಣಗಳು ಸಾಕು. ಪೊಟ್ಟಣಗಳು ತೇವ ಕುಡಿದು ತುಂಬಿದ ಮೇಲೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಉದ್ದ ಬಂದೂಕನ್ನು ನಿಲ್ಲಿಸಿಡುವುದಾದರೆ ಬಾಯಿ ಕೆಳಗೆ ಮಾಡಿ, ಎಣ್ಣೆ ಮರದ ಹಿಡಿಗೆ ಇಳಿಯುವುದಿಲ್ಲ.

ವರ್ಷಗಟ್ಟಲೆ ಇಡುವುದಿದ್ದರೆ ಕಾಸ್ಮೊಲೀನ್‌ನಂಥ ಮೇಣಮಿಶ್ರಿತ ದಪ್ಪ ಲೇಪ ಬಳಿಯಬಹುದು. ತುಕ್ಕು ತಡೆಯುವ ಆವಿ ಬಿಡುವ ವಿಸಿಐ ಚೀಲಗಳು ಇನ್ನೊಂದು ದಾರಿ. ದಪ್ಪ ಲೇಪ ಹಚ್ಚಿದ ಬಂದೂಕಿಗೆ ಒಂದು ಚೀಟಿ ಕಟ್ಟಿಡಿ: “ಒಳಗೆ ಲೇಪವಿದೆ, ತೆಗೆಯದೆ ಹಾರಿಸಬೇಡಿ.” ನಳಿಗೆಯಲ್ಲಿ ಗಟ್ಟಿಯಾಗಿ ತುಂಬಿದ ಗ್ರೀಸ್ ಗುಂಡಿಗೆ ಅಡ್ಡ ನಿಂತರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಮಾಮೂಲಿಯಾಗಿ ಎಣ್ಣೆ ಹಚ್ಚಿಟ್ಟ ಬಂದೂಕಿನದೂ ಅದೇ ಶಿಸ್ತು: ಹಾರಿಸುವ ಮೊದಲು ನಳಿಗೆ, ಚೇಂಬರ್ ಎರಡಕ್ಕೂ ಒಣಬಟ್ಟೆ. ಇಟ್ಟ ಬಂದೂಕನ್ನು ತಿಂಗಳಿಗೊಮ್ಮೆ ತೆರೆದು ನೋಡಿ.

ಕೊನೆಯದಾಗಿ, ಒರೆಸಿದ ಚಿಂದಿಗಳು. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ, ಯಾರೂ ಕಡ್ಡಿ ಗೀರದೆ, ಬೆಂಕಿ ಹತ್ತಿಕೊಳ್ಳುತ್ತದೆ. ಅವನ್ನು ಹೊರಗೆ ಒಂದೊಂದಾಗಿ ಹರವಿ ಪೂರ್ತಿ ಒಣಗಿಸಿ, ಅಥವಾ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.